ಪಂಜಿನ ಹೂವಿನ ಕುತ್ತಿಗೆಗೆ ನೀರು ನಿಲ್ಲಬಾರದು

ಪ್ರಶ್ನೆ: ನಮ್ಮ ಮನೆ ಮಂಡ್ಯದ ಹೊರಗೆ, ನಾಲೆಯ ಹತ್ತಿರ. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಊಟಿಗೆ ಹೋದಾಗ ರೆಡ್ ಹಾಟ್ ಪೋಕರ್ ಹೂ ನೋಡಿ ಮನಸೋತೆ. ಮೈಸೂರಿನ ಒಂದು ನರ್ಸರಿಯಿಂದ ಎರಡು ಗಿಡ ತಂದು ಅಂಗಳದಲ್ಲಿ ಪಾತಿ ಮಾಡಿ ನೆಟ್ಟೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ. ದಿನಾ ನೀರು ಹಾಕುತ್ತೇನೆ. ಗದ್ದೆಗೆ ತಂದು ಮಿಕ್ಕಿದ ಯೂರಿಯಾವನ್ನು ತಿಂಗಳಿಗೊಂದು ಚಮಚ ಕೊಡುತ್ತೇನೆ. ಈ ಸಲದ ಚಿತ್ತೆ ಮಳೆಗೆ ಒಂದು ಗಿಡ ಕೊಳೆತು ಹೋಯಿತು. ಇನ್ನೊಂದು ಸೊಂಪಾಗಿ ಎಲೆ ಬಿಟ್ಟಿದೆ, ಹೂ ಮಾತ್ರ ಇಲ್ಲ. ನಮ್ಮತ್ತೆ ಇದು ಈರುಳ್ಳಿ ಗಿಡ, ಕಿತ್ತು ಬದನೆ ಹಾಕು ಅನ್ನುತ್ತಾರೆ. ಬಿಸಿಲು ಜಾಸ್ತಿಯಾಯಿತಾ? ಶೇಡ್ ನೆಟ್ ಕಟ್ಟಲಾ? ಹೂ ಬಂದರೆ ದೇವರಿಗೆ ಇಡಬಹುದಾ?

ಉತ್ತರ: ಶೇಡ್ ನೆಟ್ ಕಟ್ಟಬೇಡಿ. ಉಳಿದಿರುವ ಗಿಡವನ್ನು ಕಿತ್ತು ಬಿಸಾಡಲೂ ಬೇಡಿ, ಬದನೆಗೆ ಬೇರೆ ಜಾಗ ನೋಡಿದರಾಯಿತು. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಬಿಸಿಲಿನ ಮಾತಿನ ಮೇಲೆ ನಿಲ್ಲಲಿಲ್ಲ. ನಾಲೆಯ ಹತ್ತಿರ ಅಂದಿರಿ, ದಿನಾ ನೀರು ಅಂದಿರಿ, ಪಾತಿ ಮಾಡಿ ನೆಟ್ಟೆ ಅಂದಿರಿ. ಕೊಳೆತ ಗಿಡದ ಕಥೆ ಪೂರ್ತಿ ಈ ಮೂರು ಮಾತಿನಲ್ಲೇ ಇದೆ. ಹೂ ಬಿಡದ ಗಿಡದ ಕಥೆ ಬೇರೆ. ಅದು ಅರ್ಧ ಯೂರಿಯಾದ ಚಮಚದಲ್ಲಿದೆ, ಇನ್ನರ್ಧ ನಮ್ಮ ಕಡೆಯ ರಾತ್ರಿಗಳಲ್ಲಿದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಊಟಿಗೆ ಹೋಗಿ ಬಂದ ಮೈಸೂರಿನವರೂ ಪ್ರತಿ ವರ್ಷ ನನಗೆ ಇದನ್ನೇ ಕೇಳುವುದರಿಂದ ಒಂದು ಸಲ ಪೂರ್ತಿ ಬರೆದುಬಿಡುವುದು ಒಳ್ಳೆಯದು.

ಪೋಕರ್ ಅಂದರೆ ಚಳಿ ದೇಶದ ಮನೆಗಳಲ್ಲಿ ಕೆಂಡ ಕೆದಕುವ ಕಬ್ಬಿಣದ ಸಲಾಕೆ. ಕಾದು ತುದಿ ಕೆಂಪಗಾದ ಸಲಾಕೆಯ ಹಾಗೆ ಕಾಣುತ್ತದೆ ಎಂದು ಆ ಹೆಸರು. ಇದಕ್ಕೆ ಟಾರ್ಚ್ ಲಿಲಿ ಎಂಬ ಹೆಸರೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಬನ್ನಿಮಂಟಪದಲ್ಲಿ ವಿಜಯದಶಮಿಯ ರಾತ್ರಿ ಪಂಜಿನ ಕವಾಯತು ನೋಡಿದವರಿಗೆ ಈ ಹೂವನ್ನು ಬೇರೆ ವರ್ಣಿಸಬೇಕಾಗಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಇದು ಪಂಜಿನ ಹೂ. ಇಲ್ಲೂ ಹಾಗೇ ಕರೆಯುತ್ತೇನೆ. ನರ್ಸರಿಯಲ್ಲಿ ಕೇಳುವಾಗ ಮಾತ್ರ ರೆಡ್ ಹಾಟ್ ಪೋಕರ್ ಅಥವಾ ನಿಫೋಫಿಯಾ ಎಂದೇ ಕೇಳಿ. ಸುಮ್ನೆ ಟಾರ್ಚ್ ಎಂದರೆ ಟಾರ್ಚ್ ಜಿಂಜರ್ ಕೊಟ್ಟು ಕಳಿಸುತ್ತಾರೆ, ಅದು ಶುಂಠಿ ಕುಟುಂಬದ ದೊಡ್ಡ ಗಿಡ, ನೆರಳು ಮತ್ತು ತೇವ ಕೇಳುತ್ತದೆ, ನಿಮ್ಮ ಅಂಗಳಕ್ಕೆ ಹೊಂದುವುದಿಲ್ಲ.

ನಿಫೋಫಿಯಾ ಎಂಬ ಹೆಸರು ಜರ್ಮನಿಯ ಎರ್ಫರ್ಟ್‌ನಲ್ಲಿದ್ದ ಒಬ್ಬ ವೈದ್ಯರ ನೆನಪಿಗೆ ಇಟ್ಟಿದ್ದು. ಯೋಹಾನ್ ಹಿರೋನಿಮಸ್ ಕ್ನಿಪ್‌ಹೋಫ್, 1704ರಿಂದ 1763ರವರೆಗೆ ಬದುಕಿದ್ದವರು. ಒಣಗಿಸಿದ ಗಿಡಕ್ಕೇ ಮಸಿ ಬಳಿದು ಕಾಗದದ ಮೇಲೆ ಒತ್ತಿ, ಎಲೆಯ ನರನರವೂ ಮೂಡುವಂತೆ ಚಿತ್ರ ಮುದ್ರಿಸುತ್ತಿದ್ದರು. ಈ ಹೆಸರು ಬರುವ ಮುಂಚೆ, 1753ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಗಿಡವನ್ನು ಲೋಳೆಸರದ ಗುಂಪಿಗೆ ಸೇರಿಸಿದ್ದರು. ತೀರಾ ತಪ್ಪೇನಲ್ಲ, ಇವತ್ತಿಗೂ ಎರಡೂ ಒಂದೇ ಕುಟುಂಬದಲ್ಲಿವೆ. ಲೋಳೆಸರ ಹೂ ಬಿಟ್ಟಾಗ ನೋಡಿದ್ದೀರಲ್ಲ, ಉದ್ದ ಕೋಲು, ಅದರ ತುಂಬ ಕೆಳಮುಖವಾಗಿ ಜೋತ ಸಣ್ಣ ಕೊಳವೆಗಳು. ಪಂಜಿನ ಹೂವೂ ಅದೇ ಅಚ್ಚು.

ತೊಂದರೆ ಶುರುವಾಗುವುದೂ ಈ ನೆಂಟಸ್ತಿಕೆಯಿಂದಲೇ. ಲೋಳೆಸರದ ನೆಂಟ ಎಂದ ಕೂಡಲೇ ಕೆಲವರು ನೀರೇ ಹಾಕದೆ ಒಣಗಿಸುತ್ತಾರೆ. ಪಂಜಿನ ಗಿಡದ ಎಲೆ ತೆಳು, ಜೋಳದ ಎಲೆಯ ಹಾಗೆ ಉದ್ದ, ಒಳಗೆ ಲೋಳೆ ಇಲ್ಲ, ನೀರು ಕೂಡಿಟ್ಟುಕೊಳ್ಳುವ ಶಕ್ತಿಯಿಲ್ಲ. ಇದರಲ್ಲಿ ಸುಮಾರು 70 ಜಾತಿಗಳಿವೆ. ಹೆಚ್ಚಿನವು ದಕ್ಷಿಣ ಆಫ್ರಿಕಾದವು, ಉಳಿದವು ಪೂರ್ವ ಆಫ್ರಿಕಾದ ಬೆಟ್ಟಗಳಲ್ಲಿ, ಬೆರಳೆಣಿಕೆಯಷ್ಟು ಮಡಗಾಸ್ಕರ್ ಮತ್ತು ಯೆಮೆನ್‌ನಲ್ಲಿ. ಬೆಟ್ಟದ ಹುಲ್ಲುಗಾವಲು, ತೊರೆಯ ಅಂಚು, ಬಂಡೆಯ ಕೆಳಗೆ ನೀರು ಜಿನುಗುವ ಜಾಗ, ಇಂಥ ಕಡೆ ಇವು ಬೆಳೆಯುತ್ತವೆ. ಅಂದರೆ ಕಾಡಿನಲ್ಲಿ ಇದು ಒದ್ದೆ ನೆಲದ ಗಿಡವೇ.

ಹಾಗಿದ್ದರೆ ನಮ್ಮ ಅಂಗಳದಲ್ಲಿ ನೀರಿಗೆ ಯಾಕೆ ಕೊಳೆಯಿತು ಎಂದು ನೀವು ಕೇಳಬಹುದು. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಬೆಟ್ಟದಲ್ಲಿ ಜಿನುಗುವ ನೀರು ತಣ್ಣಗಿರುತ್ತದೆ, ಮತ್ತು ಹರಿಯುತ್ತಿರುತ್ತದೆ. ತಣ್ಣನೆಯ ಹರಿಯುವ ನೀರಿನಲ್ಲಿ ಆಮ್ಲಜನಕ ಜಾಸ್ತಿ. ಬೇರಿಗೂ ಉಸಿರು ಬೇಕು, ಅಲ್ಲಿ ಅದು ಸಿಗುತ್ತದೆ. ನಮ್ಮ ಪಾತಿಯಲ್ಲಿ ನಿಂತ ನೀರು ಬೆಚ್ಚಗಾಗುತ್ತದೆ, ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಬಿಸಿಗೆ ಬೇರು ಇನ್ನೂ ಜಾಸ್ತಿ ಉಸಿರು ಕೇಳುತ್ತದೆ. ಬೇಡಿಕೆ ಏರಿತು, ಸಿಗುವುದು ಇಳಿಯಿತು. ಉಸಿರುಕಟ್ಟಿದ ಬೇರಿಗೆ ಕೊಳೆ ರೋಗದ ಶಿಲೀಂಧ್ರ ಹತ್ತುವುದು ಆಮೇಲಿನ ಮಾತು. ನಾವು ನೋಡುವ ಹೊತ್ತಿಗೆ ಎಲೆ ಹಳದಿಯಾಗಿ, ಕೈಯಿಟ್ಟರೆ ನಡುಸುಳಿ ಕಿತ್ತು ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಶುಂಠಿ ಬೆಳೆಯುವವರನ್ನು ಕೇಳಿ ನೋಡಿ. ಅವರು ಏರು ಮಡಿ ಮಾಡದೆ ಶುಂಠಿ ಇಡುವುದಿಲ್ಲ. ಮಡಿ ಎತ್ತರ, ಮಧ್ಯೆ ಕಾಲುವೆ, ಮಳೆ ನೀರು ಕಾಲುವೆಯಲ್ಲಿ ಓಡಿಹೋಗಬೇಕು. ಗೆಡ್ಡೆ ಕೊಳೆ ಬಂದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಪಂಜಿನ ಗಿಡಕ್ಕೂ ನೆಲದೊಳಗೆ ಗಿಡ್ಡ ದಪ್ಪ ಬೇರುಗೆಡ್ಡೆ ಇದೆ. ಶುಂಠಿಗೆ ಕೊಡುವ ಮರ್ಯಾದೆಯನ್ನೇ ಇದಕ್ಕೂ ಕೊಡಬೇಕು. ತೆಂಗಿನ ಸಸಿಗೆ ಮಾಡುವಂತೆ ಸುತ್ತ ತಗ್ಗು ಪಾತಿ ಮಾಡಿ ನೀರು ನಿಲ್ಲಿಸುವುದು ನಮಗೆಲ್ಲ ಕೈಗೆ ಬಂದ ಅಭ್ಯಾಸ. ನಾನು ತಂದ ಮೊದಲ ಗಿಡವನ್ನೂ ಹಾಗೇ ನೆಟ್ಟಿದ್ದೆ, ಮೈಸೂರಿನ ಒಳ್ಳೆಯ ಕೆಂಪು ಮಣ್ಣಿನಲ್ಲೇ. ಮೇ ತಿಂಗಳ ಎರಡು ಗುಡುಗು ಮಳೆಗೆ ಹೋಯಿತು. ಆ ಗಿಡ ಹೋಗಿದ್ದು ಇವತ್ತಿಗೂ ಬೇಜಾರು, ಯಾಕೆಂದರೆ ಒಂದು ಗೇಣು ಎತ್ತರಕ್ಕೆ ನೆಟ್ಟಿದ್ದರೆ ಉಳಿಯುತ್ತಿತ್ತು.

ನಿಮ್ಮದು ಇನ್ನೂ ಕಷ್ಟದ ಜಾಗ. ನಾಲೆಗೆ ನೀರು ಬಿಟ್ಟಾಗ ಪಕ್ಕದ ನೆಲದಲ್ಲೆಲ್ಲ ಅಡಿ ನೀರು ಮೇಲಕ್ಕೆ ಬರುತ್ತದೆ, ಹಿತ್ತಲು ಜೌಗಾಗುತ್ತದೆ. ಮೇಲೆ ಮಣ್ಣು ಒಣಗಿದಂತೆ ಕಂಡರೂ ಒಂದು ಅಡಿ ಕೆಳಗೆ ಕೆಸರು. ಒಂದು ಸಣ್ಣ ಪರೀಕ್ಷೆ ಮಾಡಿ. ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆಯಿರಿ. ಬೆಳಿಗ್ಗೆ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಸಂಜೆಗೂ ನೀರು ನಿಂತಿದ್ದರೆ ಅಲ್ಲಿ ನೆಲದ ಮಟ್ಟದಲ್ಲಿ ಈ ಗಿಡ ಬೇಡ. ನಾಲೆಗೆ ನೀರು ಬಿಟ್ಟಿರುವಾಗಲೇ ಈ ಪರೀಕ್ಷೆ ಮಾಡಬೇಕು, ನಾಲೆ ಒಣಗಿರುವಾಗ ಮಾಡಿದರೆ ಮೋಸ ಹೋಗುತ್ತೀರಿ.

ಜೇಡಿ ಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ಸರಿಹೋಗುವುದಿಲ್ಲ. ಸ್ವಲ್ಪ ಮರಳು ಬೆರೆತ ಜೇಡಿ ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಅಷ್ಟೇ. ಮಣ್ಣನ್ನು ಬದಲಿಸುವ ಆಸೆ ಬಿಟ್ಟು ನೆಲವನ್ನೇ ಎತ್ತರಿಸಿ. ಕಲ್ಲು ಅಥವಾ ಇಟ್ಟಿಗೆ ಸುತ್ತ ಜೋಡಿಸಿ ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ದಿಣ್ಣೆ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು ಇಲ್ಲವೇ ಇಟ್ಟಿಗೆ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ ಸ್ಯಾಂಡ್ ಮಾತ್ರ ಸಿಗುತ್ತದೆ ಅಂದರೆ ಜರಡಿ ಹಿಡಿದು ಪುಡಿ ತೆಗೆದು ಬಳಸಿ, ಆ ಪುಡಿಯೇ ಮಣ್ಣನ್ನು ಸಿಮೆಂಟಿನಂತೆ ಹಿಡಿಯುವುದು.

ಈಗ ನವೆಂಬರ್. ಉಳಿದ ಗಿಡವನ್ನು ಎತ್ತಿ ನೆಡಲು ಇದೇ ಸರಿಯಾದ ಸಮಯ. ನಮ್ಮ ಕಡೆ ದೊಡ್ಡ ಮಳೆ ಎರಡು ಕಂತಿನಲ್ಲಿ ಬರುತ್ತದೆ, ಒಂದು ಏಪ್ರಿಲ್ ಮೇ ತಿಂಗಳ ಗುಡುಗು ಮಳೆ, ಇನ್ನೊಂದು ಸೆಪ್ಟೆಂಬರ್ ಅಕ್ಟೋಬರ್‌ನ ಹಸ್ತ, ಚಿತ್ತೆ. ಅದು ಮುಗಿದು ಸ್ವಾತಿ ಕಳೆದ ಮೇಲೆ ನೆಲ ಹದವಾಗಿರುತ್ತದೆ, ರಾತ್ರಿ ತಂಪು, ಮುಂದಿನ ಬಿಸಿಲು ಏರುವವರೆಗೆ ಬೇರು ಇಳಿಯಲು ಮೂರು ತಿಂಗಳು ಸಿಗುತ್ತದೆ. ಇಂಟರ್‌ನೆಟ್‌ನಲ್ಲಿ ಇರುವ ಬಹುತೇಕ ಸಲಹೆ ಇಂಗ್ಲೆಂಡು, ಅಮೆರಿಕದ್ದು. ವಸಂತದಲ್ಲಿ ನೆಡಿ ಅನ್ನುತ್ತಾರೆ. ಅವರಿಗೆ ಅದು ಸರಿ, ನಮಗೆ ಆ ತಿಂಗಳು ಅಂದರೆ ಮಾರ್ಚ್, ಏಪ್ರಿಲ್. ಹೊಸ ಬೇರನ್ನು ನೇರ ಬಾಣಲೆಗೆ ಹಾಕಿದ ಹಾಗೆ. ಚಳಿಗಾಲದಲ್ಲಿ ಎಲೆಗಳನ್ನು ಜುಟ್ಟಿನಂತೆ ಮೇಲಕ್ಕೆತ್ತಿ ಕಟ್ಟಿ ಎಂದೂ ಹೇಳುತ್ತಾರೆ, ಹಿಮದ ನೀರು ಸುಳಿಗೆ ಇಳಿಯಬಾರದೆಂದು. ಇಲ್ಲಿ ಹಾಗೆ ಕಟ್ಟಿದರೆ ಒಳಗೆ ಬೆವರು ಹಿಡಿದಂತಾಗಿ ಸುಳಿ ಕೊಳೆಯುತ್ತದೆ. ಕಟ್ಟಬೇಡಿ.

ಎತ್ತುವ ದಿನ ಹೀಗೆ ಮಾಡಿ. ಗಿಡದಿಂದ ಒಂದು ಅಡಿ ದೂರದಲ್ಲಿ ಸುತ್ತ ಸನಿಕೆ ಇಳಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ. ಜಗ್ಗಬೇಡಿ. ಈ ಗಿಡಕ್ಕೆ ಬೇರು ಅಲುಗಿಸುವುದು ಇಷ್ಟವಿಲ್ಲ, ಒಂದು ಸಲ ಎತ್ತಿದರೆ ಆ ವರ್ಷ ಸಪ್ಪಗೇ ಇರುತ್ತದೆ. ಅದಕ್ಕೇ ಈ ಕೆಲಸ ಒಂದೇ ಸಲ, ಸರಿಯಾಗಿ ಆಗಬೇಕು. ನೀರಿನಲ್ಲಿ ಬೇರು ತೊಳೆದು ನೋಡಿ. ಗಟ್ಟಿಯಾಗಿ ತಿಳಿ ಬಣ್ಣದಲ್ಲಿದ್ದರೆ ಒಳ್ಳೆಯ ಬೇರು. ಕಂದಾಗಿ, ಮೆತ್ತಗೆ, ಹಿಂಡಿದರೆ ಸಿಪ್ಪೆ ಜಾರಿ ಬಂದರೆ ಕೊಳೆತದ್ದು, ಅದನ್ನು ಕುಡುಗೋಲನ್ನು ಚೆನ್ನಾಗಿ ತೊಳೆದು ಒರೆಸಿ ಕತ್ತರಿಸಿ. ಆ ಜಾಗಕ್ಕೆ ಇದ್ದಿಲ ಪುಡಿ ಹಚ್ಚಿ, ನೆರಳಿನಲ್ಲಿ ಒಂದು ದಿನ ಗಾಯ ಆರಲು ಬಿಡಿ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರು ಕಡಿಮೆಯಾದಾಗ ಅಷ್ಟು ಎಲೆಗೆ ನೀರು ಒದಗಿಸಲು ಅದಕ್ಕೆ ಆಗುವುದಿಲ್ಲ.

ದಿಣ್ಣೆಯ ಮೇಲೆ ಬೇರು ಹಿಡಿಯುವಷ್ಟು ತಗ್ಗು ಮಾಡಿ, ಮಧ್ಯೆ ಸಣ್ಣ ಗೋಪುರದಂತೆ ಮಣ್ಣು ಬಿಟ್ಟು, ಅದರ ಮೇಲೆ ಗಿಡ ಕೂರಿಸಿ ಬೇರನ್ನು ಸುತ್ತ ಇಳಿಬಿಡಿ. ಕುತ್ತಿಗೆ, ಅಂದರೆ ಎಲೆಗಳೆಲ್ಲ ಸೇರಿ ಬೇರು ಶುರುವಾಗುವ ಜಾಗ, ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳು ಮೇಲಿರಲಿ. ಮಣ್ಣು ಕೂತ ಮೇಲೆ ಅದು ಸಮಕ್ಕೆ ಬರುತ್ತದೆ. ಇನ್ನೊಂದು ಗಿಡ ತಂದರೆ ಎರಡರ ನಡುವೆ ಎರಡು ಅಡಿ ಬಿಡಿ, ಗುಂಪು ಅಗಲವಾಗುತ್ತದೆ, ಗಾಳಿಯೂ ಆಡಬೇಕು.

ಮುಚ್ಚಿಗೆಯ ಬಗ್ಗೆ ಒಂದು ಮಾತು. ಮಂಡ್ಯದಲ್ಲಿ ಕಬ್ಬಿನ ತರಗಿಗೆ ಬರವಿಲ್ಲ, ನೆಲ ತಂಪಾಗಿಡಲು ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಆದರೆ ಕುತ್ತಿಗೆಯಿಂದ ಒಂದು ಗೇಣು ದೂರ ಬಿಟ್ಟು ಹರಡಿ. ಕುತ್ತಿಗೆಯ ಸುತ್ತ ಸಣ್ಣ ಜಲ್ಲಿ ಹಾಕಿದರೆ ಸಾಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿ ಉಳಿದ ಮಡ್ಡಿ, ಸುಲಭವಾಗಿ ಸಿಗುತ್ತದೆ ಎಂದು ತುಂಬಿಬಿಡಬೇಡಿ. ಅದು ಒಳ್ಳೆಯ ಗೊಬ್ಬರವೇ, ಆದರೆ ನೀರು ಹಿಡಿದಿಡುತ್ತದೆ, ಸರಿಯಾಗಿ ಕಳಿಯದಿದ್ದರೆ ಬಿಸಿಯೂ ಏಳುತ್ತದೆ.

ಇನ್ನು ನೀರು. ದಿನಾ ಬೇಡ. ನೆಟ್ಟ ಮೊದಲ ಮೂರು ವಾರ ಎರಡು ದಿನಕ್ಕೊಮ್ಮೆ. ಆಮೇಲೆ ಮಣ್ಣಿಗೆ ಎರಡು ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಬೇರಿನ ಆಳಕ್ಕೆ ಇಳಿಯುವಷ್ಟು ಹಾಕಿ, ಆಮೇಲೆ ಬಿಟ್ಟುಬಿಡಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ಬೇಕಾಗಬಹುದು, ಚಳಿಗಾಲದಲ್ಲಿ ಒಂದು ಸಲ ಸಾಕು. ಪೈಪನ್ನು ಸುಳಿಯ ಮೇಲೆ ಹಿಡಿಯಬೇಡಿ. ಈ ಗಿಡದ ಎಲೆ ದೋಣಿಯಂತೆ ಮಡಚಿಕೊಂಡಿರುತ್ತದೆ, ಮೇಲಿಂದ ಬಿದ್ದ ನೀರು ನೇರ ಕುತ್ತಿಗೆಗೆ ಬಂದು ನಿಲ್ಲುತ್ತದೆ. ದಿಣ್ಣೆಯ ಅಂಚಿನಲ್ಲಿ ಸುತ್ತ ಹಾಕಿ. ಮತ್ತೆ ಹೂವಿನ ಕೋಲು ಏಳುವ ತಿಂಗಳುಗಳಲ್ಲಿ ಒಣಗಲು ಬಿಟ್ಟರೆ ಮೊಗ್ಗು ಅರ್ಧದಲ್ಲೇ ಸುಟ್ಟಂತಾಗುತ್ತದೆ, ಆಗ ಮಾತ್ರ ಸ್ವಲ್ಪ ಧಾರಾಳವಾಗಿರಿ.

ಈಗ ಹೂ ಯಾಕಿಲ್ಲ ಎಂಬ ಪ್ರಶ್ನೆ.

ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಗಿಡಕ್ಕೆ ಬೇಕಾದ ಬೇರೆ ಗೊಬ್ಬರದ ಸತ್ವ ಇಲ್ಲ. ಸಾರಜನಕ ಎಲೆಯ ಊಟ. ಭತ್ತಕ್ಕೂ ಕಬ್ಬಿಗೂ ಸೊಂಪಾಗಿ ಬೆಳೆಯಲು ಅದು ಬೇಕು, ನಮಗೆ ಬೇಕಾಗಿರುವುದು ಇಲ್ಲಿ ಎಲೆಯಲ್ಲವಲ್ಲ. ನಿಮ್ಮ ಗಿಡ ಸೊಂಪಾಗಿದೆ ಅಂದಿರಿ, ಅದು ಯೂರಿಯಾ ಮಾಡಿದ ಕೆಲಸ. ಇವತ್ತೇ ನಿಲ್ಲಿಸಿ. ವರ್ಷಕ್ಕೆ ಎರಡು ಸಲ, ನವೆಂಬರ್‌ನಲ್ಲಿ ಮತ್ತು ಜೂನ್‌ನಲ್ಲಿ, ಎರಡು ಹಿಡಿ ಕಳಿತ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸುತ್ತ ಹಾಕಿ ಮಣ್ಣಿಗೆ ಬೆರೆಸಿ. ಒಲೆ ಬೂದಿ ಇದ್ದರೆ ವರ್ಷಕ್ಕೊಂದು ಹಿಡಿ, ಪೊಟ್ಯಾಷ್ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬೂದಿ ಬೇಡ, ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಮೊದಲೇ ಕ್ಷಾರ ಇರುವ ಕಡೆ ಇನ್ನಷ್ಟು ಸೇರಿಸಿದಂತಾಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದು ನೋಡಿದ್ದೀರಲ್ಲ, ಅದೇ.

ಎರಡನೆಯದು ವಯಸ್ಸು. ಬೀಜದಿಂದ ಬಂದ ಗಿಡ ಹೂ ಬಿಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಹಿಳ್ಳು, ಅಂದರೆ ಬುಡದಲ್ಲಿ ಏಳುವ ಮರಿ ಗಿಡ, ಬಿಡಿಸಿ ನೆಟ್ಟಿದ್ದೂ ಒಂದು ವರ್ಷ ಸುಮ್ನೆ ಕೂರುತ್ತದೆ. ನಿಮ್ಮ ಗಿಡಕ್ಕೆ ಎರಡೇ ವರ್ಷ, ಅದೂ ಪಾತಿಯ ನೀರಿನಲ್ಲಿ ಕಷ್ಟಪಟ್ಟ ಎರಡು ವರ್ಷ. ಅದನ್ನು ಈಗಲೇ ಬಂಜೆ ಅನ್ನುವುದು ಅನ್ಯಾಯ.

ಮೂರನೆಯದನ್ನು ನಾನು ಮುಚ್ಚಿಡುವುದಿಲ್ಲ. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಮೈಸೂರು ಸುಮಾರು 770, ಮಂಡ್ಯ ಅದಕ್ಕಿಂತ ಕೆಳಗೆ, 680ರ ಆಸುಪಾಸು. ಸಾವಿರ ಮೀಟರ್ ಮೇಲೇರಿದರೆ ಆರೂವರೆ ಡಿಗ್ರಿಯಷ್ಟು ತಂಪು ಎಂಬ ಲೆಕ್ಕ ಹಿಡಿದರೆ ಊಟಿಗೂ ನಿಮ್ಮ ಅಂಗಳಕ್ಕೂ ಹತ್ತು ಡಿಗ್ರಿ ವ್ಯತ್ಯಾಸ. ಹಗಲಿನ ಬಿಸಿಯನ್ನು ಈ ಗಿಡ ತಡೆಯುತ್ತದೆ. ರಾತ್ರಿಯೂ ತಂಪಾಗದಿದ್ದರೆ ಹಗಲು ಎಲೆ ಮಾಡಿದ ಊಟವನ್ನು ರಾತ್ರಿ ಉಸಿರಾಟಕ್ಕೇ ಖರ್ಚು ಮಾಡಿಕೊಳ್ಳುತ್ತದೆ, ಹೂವಿಗೆ ಉಳಿಯುವುದು ಕಡಿಮೆ. ಹಾಗಾಗಿ ಊಟಿಯಲ್ಲಿ ಒಂದು ಗುಂಪಿಗೆ ಹತ್ತಾರು ಕೋಲು ನೋಡಿದ ಕಣ್ಣಿಗೆ ಇಲ್ಲಿ ಅಷ್ಟೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ನಮ್ಮ ಮನೆಯ ಗಿಡ ನಾಲ್ಕನೇ ವರ್ಷದ ಚಳಿಗಾಲದಲ್ಲಿ ಎರಡು ಕೋಲು ಬಿಟ್ಟಿತು. ಎರಡೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂತು ಎದ್ದೇಳಲು ಮನಸ್ಸಾಗದೆ ಕೂತ ದಿನಗಳು ನನಗೆ ಚೆನ್ನಾಗಿ ನೆನಪಿವೆ.

ರಾತ್ರಿ ತಂಪು ಹೆಚ್ಚಿಸಲು ನಾವು ಮಾಡಬಹುದಾದ್ದು ಇಷ್ಟು. ಪಶ್ಚಿಮದ ಗೋಡೆಯ ಬುಡದಲ್ಲಿ ಗಿಡ ಬೇಡ. ಸಂಜೆವರೆಗೆ ಕಾದ ಗೋಡೆ ರಾತ್ರಿ ಹನ್ನೊಂದರವರೆಗೂ ಬಿಸಿ ಬಿಡುತ್ತಿರುತ್ತದೆ, ಕೈಯಿಟ್ಟು ನೋಡಿ ಗೊತ್ತಾಗುತ್ತದೆ. ಸಿಮೆಂಟ್ ಹಾಕಿದ ಅಂಗಳದ ಮಧ್ಯೆಯೂ ಬೇಡ, ತಾರಸಿಯ ಮೇಲಂತೂ ಬೇಡವೇ ಬೇಡ. ಸುತ್ತ ಮಣ್ಣು, ಹುಲ್ಲು ಇರುವ ಜಾಗ ಬೇಗ ತಣಿಯುತ್ತದೆ. ಬಿಸಿಲು ದಿನಕ್ಕೆ ಆರು ಗಂಟೆ ಸಿಕ್ಕರೆ ಸಾಕು. ಬೆಳಿಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ಪೂರ್ತಿ ಬಿಸಿಲು, ಆಮೇಲೆ ತೆಂಗಿನ ಗರಿಯ ಚದುರಿದ ನೆರಳು, ಇದು ನಮ್ಮ ಕಡೆಗೆ ಅತ್ಯುತ್ತಮ. ಶೇಡ್ ನೆಟ್ ಕಟ್ಟಿದರೆ ಬೆಳಗಿನ ಬಿಸಿಲೂ ಹೋಗುತ್ತದೆ, ಎಲೆ ಉದ್ದವಾಗಿ ಬಾಗಿ ಬೀಳುತ್ತದೆ, ಹೂವಿನ ಆಸೆಯನ್ನೇ ಬಿಡಬೇಕು. ನಿಮ್ಮ ಅಂಗಳದಲ್ಲಿ ಪೂರ್ವದ ಕಡೆ, ತೆಂಗಿನ ಮರದ ಆಚೆ ಜಾಗ ಇದ್ದರೆ ದಿಣ್ಣೆಯನ್ನು ಅಲ್ಲೇ ಮಾಡಿ.

ದಿಣ್ಣೆಗೆ ಜಾಗವಿಲ್ಲ, ಎಲ್ಲ ಕಡೆ ಜೌಗು ಅಂದರೆ ಕುಂಡ. 14 ಇಂಚಿನ ಮಣ್ಣಿನ ಕುಂಡ ತನ್ನಿ, ಪ್ಲಾಸ್ಟಿಕ್ ಬೇಡ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗಿ ಒಳಗೆ ತಂಪಾಗಿರುತ್ತದೆ, ಮಡಕೆಯ ನೀರಿನ ಹಾಗೆ. ತಳದಲ್ಲಿ ಎರಡು ಮೂರು ತೂತು ಇರಲಿ, ಕೆಳಗೆ ತಟ್ಟೆ ಇಡಬೇಡಿ, ಎರಡು ಇಟ್ಟಿಗೆಯ ಮೇಲೆ ಕೂರಿಸಿ. ಕುಂಡದ ದೊಡ್ಡ ಉಪಯೋಗ ಏನೆಂದರೆ ಹಸ್ತ, ಚಿತ್ತೆ ಹೊತ್ತಿಗೆ ಕಿಟಕಿ ಮೇಲಿನ ಸಜ್ಜಾ ಕೆಳಗೆ ಎಳೆದು ಇಡಬಹುದು. ಮಂಡ್ಯದ ನಾಲೆ ಬಯಲಿನವರಿಗೆ ನಿಜಕ್ಕೂ ನಾನು ಮೊದಲು ಹೇಳುವುದು ಕುಂಡವನ್ನೇ. ಮೈಸೂರಿನ ಕೆಂಪು ಮಣ್ಣಿನವರು ನೆಲದಲ್ಲೇ ದಿಣ್ಣೆ ಮಾಡಿಕೊಳ್ಳಬಹುದು.

ಹೊಸ ಗಿಡ ತರುವುದಾದರೆ ಹೂ ಬಿಟ್ಟ ಕುಂಡ ನೋಡಿ ಮರುಳಾಗಬೇಡಿ. ಹೂ ಬಿಟ್ಟಿರುವ ಗಿಡ ಬೇರೆ ಎಲ್ಲೋ ತಂಪಿನಲ್ಲಿ ಬೆಳೆದು ಬಂದಿರುತ್ತದೆ, ಇಲ್ಲಿಗೆ ಬಂದ ಮೇಲೆ ಒಂದೆರಡು ವರ್ಷ ಸುಮ್ಮನಾಗುವುದು ಮಾಮೂಲು. ಕುಂಡವನ್ನು ಎತ್ತಿ ತಳ ನೋಡಿ, ಬೇರು ಗಟ್ಟಿಯಾಗಿದೆಯಾ, ಕುತ್ತಿಗೆ ಬೆರಳಿನಿಂದ ಒತ್ತಿದರೆ ಗಟ್ಟಿಯಿದೆಯಾ, ಪಕ್ಕದಲ್ಲಿ ಒಂದೆರಡು ಹಿಳ್ಳು ಇವೆಯಾ, ಅಷ್ಟು ನೋಡಿ ತನ್ನಿ.

ಬೀಜದ ವಿಷಯದಲ್ಲಿ ತುಂಬ ಹುಷಾರು. ಆನ್‌ಲೈನ್‌ನಲ್ಲಿ ನೀಲಿ, ನೇರಳೆ ಬಣ್ಣದ ಪಂಜಿನ ಹೂವಿನ ಫೋಟೋ ಹಾಕಿ ಬೀಜ ಮಾರುತ್ತಾರೆ. ಈ ಗಿಡದಲ್ಲಿ ಕೆಂಪು, ಕಿತ್ತಳೆ, ಹಳದಿ, ಕೆನೆ, ಹಸಿರು ಛಾಯೆಯ ಬಿಳಿ ಇವೆ, ನೀಲಿ ಇಲ್ಲ. ಆ ಫೋಟೋ ಬಣ್ಣ ಬದಲಿಸಿದ್ದು. ದುಡ್ಡು ಕಳೆದುಕೊಳ್ಳಬೇಡಿ. ಒಳ್ಳೆಯ ಬೀಜ ಸಿಕ್ಕರೆ ಒದ್ದೆ ಮರಳಿನಲ್ಲಿ ಬೆರೆಸಿ ಡಬ್ಬಿಗೆ ಹಾಕಿ ಫ್ರಿಜ್ಜಿನ ಕೆಳ ತಟ್ಟೆಯಲ್ಲಿ ನಾಲ್ಕರಿಂದ ಆರು ವಾರ ಇಡಿ, ಬೆಟ್ಟದ ಚಳಿ ಕಂಡಂತೆ ಅದಕ್ಕೆ ಅನ್ನಿಸಬೇಕು. ಡಿಸೆಂಬರ್‌ನಲ್ಲಿ ಟ್ರೇಗೆ ಹಾಕಿ ತೆಳ್ಳಗೆ ಮಣ್ಣು ಮುಚ್ಚಿ. ಮೂರು ನಾಲ್ಕು ವಾರಕ್ಕೆ ಮೊಳೆಯುತ್ತವೆ, ಕೆಲವು ಇನ್ನೂ ತಡ. ಮೊಳಕೆ ನಿಜಕ್ಕೂ ಈರುಳ್ಳಿ ಪೈರಿನಂತೆಯೇ ಇರುತ್ತದೆ, ನಿಮ್ಮ ಅತ್ತೆಯವರ ಕಣ್ಣು ತಪ್ಪಿಲ್ಲ. ಕಳೆ ಕೀಳುವವರು ಹುಲ್ಲೆಂದು ಕಿತ್ತುಬಿಡುತ್ತಾರೆ, ಕಡ್ಡಿ ನೆಟ್ಟು ಗುರುತು ಮಾಡಿ. ಮಿಶ್ರತಳಿಯ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆಂಬ ಖಾತ್ರಿಯಿಲ್ಲ.

ಹುಳದ ಕಾಟ ಇದಕ್ಕೆ ಕಡಿಮೆ. ಆದರೂ ಎಲೆಗಳ ಬುಡದ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಕೂರುತ್ತದೆ, ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು ಬಂದರೆ ಎಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಸಿಂಪಡಿಸಿ, ಹೂ ಇರುವಾಗ ಹೂವಿಗೆ ತಾಗಿಸಬೇಡಿ. ಮಳೆಗಾಲದಲ್ಲಿ ದೊಡ್ಡ ಬಸವನಹುಳು ಈ ಎಲೆಗಳ ಮರೆಯಲ್ಲಿ ಹಗಲು ಕಳೆಯುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಒಣಗಿದ ಎಲೆಗಳನ್ನು ಆಗಾಗ ಬುಡದಿಂದ ತೆಗೆಯುತ್ತಿದ್ದರೆ ಈ ಎಲ್ಲ ಕಾಟ ಅರ್ಧವಾಗುತ್ತದೆ.

ಮೂರು ಚಳಿಗಾಲ ಕಾದೂ ಹೂ ಬರಲಿಲ್ಲ ಅಂದರೆ? ಆಗ ಬೇಸರ ಪಡದೆ ಇದರ ನೆಂಟನನ್ನು ಕರೆತನ್ನಿ. ಹೂವಿಗಾಗಿಯೇ ಬೆಳೆಸುವ ಲೋಳೆಸರದ ಜಾತಿಗಳಿವೆ, ಆಲೋ ಆರ್ಬೊರೆಸೆನ್ಸ್ ಅಂಥದ್ದು, ಚಳಿಗಾಲದಲ್ಲಿ ಕೆಂಪು ಕಿತ್ತಳೆ ಕೋಲು ಬಿಡುತ್ತದೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಪಂಜಿನ ಹೂವೇ. ನಮ್ಮ ಬಿಸಿ ಅದಕ್ಕೆ ಲೆಕ್ಕಕ್ಕಿಲ್ಲ. ನೀರು ನಿಲ್ಲಬಾರದೆಂಬ ನಿಯಮ ಮಾತ್ರ ಅಲ್ಲೂ ಅದೇ, ಹಾಗಾಗಿ ನೀವು ಈಗ ಮಾಡುವ ದಿಣ್ಣೆ ವ್ಯರ್ಥವಾಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೂ ಚೆನ್ನ.

ಕೊನೆಗೆ ದೇವರ ಪ್ರಶ್ನೆ. ಇಡಬಹುದು, ಅಡ್ಡಿಯೇನೂ ಇಲ್ಲ. ಆದರೆ ಸುವಾಸನೆ ಇಲ್ಲ, ಹಾರಕ್ಕೆ ಕಟ್ಟಲೂ ಬರುವುದಿಲ್ಲ, ಕೋಲನ್ನೇ ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸಬೇಕು. ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಮೇಲಿನ ಮೊಗ್ಗು ಕೆಂಪು, ಅರಳಿದ್ದು ಹಳದಿಗೆ ತಿರುಗುತ್ತದೆ. ಎರಡು ಬಣ್ಣ ಒಟ್ಟಿಗೆ ಕಾಣುವುದು ಅದಕ್ಕೇ. ಕೆಳಗಿನ ಮೂರನೇ ಒಂದು ಭಾಗ ಅರಳಿದಾಗ ಬೆಳಿಗ್ಗೆ ಹೊತ್ತು ಕತ್ತರಿಸಿದರೆ ಹೂದಾನಿಯಲ್ಲಿ ಒಂದು ವಾರದ ಹತ್ತಿರ ಇರುತ್ತದೆ. ಮೊದಲ ಕೋಲನ್ನು ಮಾತ್ರ ಕತ್ತರಿಸಬೇಡಿ ಎಂದು ನನ್ನ ವಿನಂತಿ. ಆಫ್ರಿಕಾದಲ್ಲಿ ಈ ಹೂವಿನ ಮಕರಂದ ಹೀರಲು ಬರುವುದು ಸೂರಕ್ಕಿಗಳು. ಅದೇ ಕುಟುಂಬದ ಸೂರಕ್ಕಿಗಳು ಮಂಡ್ಯದ ನುಗ್ಗೆ ಮರದಲ್ಲೂ ದಾಸವಾಳದಲ್ಲೂ ದಿನಾ ಓಡಾಡುತ್ತಿವೆ. ಅವಕ್ಕೆ ಈ ಕೊಳವೆ ಹೂ ಹೊಸದಾದರೂ ಕೊಕ್ಕಿಗೆ ಸರಿಯಾದ ಅಳತೆ. ನಮ್ಮಲ್ಲಿ ಹೂ ಅರಳಿದ ಎರಡನೇ ಬೆಳಿಗ್ಗೆಯೇ ಬಂದು ಕೋಲಿಗೆ ತಲೆಕೆಳಗಾಗಿ ಜೋತುಬಿದ್ದವು, ಏಳರಿಂದ ಎಂಟು ಗಂಟೆಯೊಳಗೆ. ನಿಮ್ಮ ಅತ್ತೆಯವರಿಗೆ ಆ ಹೊತ್ತಿಗೆ ಒಂದು ಕುರ್ಚಿ ಹಾಕಿ ಕೊಡಿ.